ರುಚಿ ನೋಡುವವರ ತೂಕ

ನನ್ನ ಸೋದರಮಾವನ ಮನೆಯ ಹಿಂಗೋಡೆ ಎಂಥ ಚಳಿಯಲ್ಲೂ ಬೆಚ್ಚಗಿರುತ್ತಿತ್ತು. ಗೋಡೆಯ ಆಚೆಗೆ ಬೇಕರಿಯ ಇಟ್ಟಿಗೆ ಒಲೆ. ಕಾಲೇಜು ಓದಲೆಂದು ಆ ಮನೆಯಲ್ಲಿದ್ದಷ್ಟು ಕಾಲವೂ ನಾನು ಆ ಗೋಡೆಗೆ ಬೆನ್ನು ಕೊಟ್ಟು ಕೂತೇ ಓದಿದೆ. ಬೆಳಗಿನ ಮೊದಲ ಒಬ್ಬೆ ಬ್ರೆಡ್ಡು ಹೊರಗೆ ಬಂದಾಗ ಅದರ ವಾಸನೆ ಬೀದಿಯ ತುದಿಯವರೆಗೂ ಹೋಗುತ್ತಿತ್ತು. ಹಾಲಿನವನು ಅಲ್ಲಿಗೆ ಬಂದಾಗ ಕಾರಣವಿಲ್ಲದೆ ಸೈಕಲ್ಲು ನಿಧಾನ ಮಾಡುತ್ತಿದ್ದ. ಈಗ ಆ ಒಲೆಯಿಲ್ಲ. ಈಗಿನ ಬ್ರೆಡ್ಡು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮೂಗಿಗೆ ಹಿಡಿದರೂ ಅದಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ.

ಆ ಒಲೆಯನ್ನು ನಡೆಸುತ್ತಿದ್ದವರು ಮಾವ. ಒಲೆಯ ತಳ ನೆಲದ ಮಟ್ಟದಲ್ಲೇ ಇದ್ದುದರಿಂದ ಅದರ ಬಾಯಿಯ ಮುಂದೆ ಸೊಂಟದಾಳದ ಒಂದು ಗುಂಡಿ ತೋಡಿದ್ದರು. ಅದರೊಳಗೆ ನಿಂತು, ಉದ್ದ ಹಿಡಿಯ ಮರದ ಹಲಗೆಯಿಂದ ಟಿನ್ನುಗಳನ್ನು ಒಳಗೆ ತಳ್ಳಬೇಕು, ಬೆಂದ ಮೇಲೆ ಎಳೆಯಬೇಕು. ಇಳಿದು ಹತ್ತಲು ಪಕ್ಕದಲ್ಲಿ ಕಡಿದಾದ ಕಲ್ಲಿನ ಮೆಟ್ಟಿಲು. ಮಾವ ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಗುಂಡಿಗೆ ಇಳಿದವರು. ಬೇಕರಿ ಅವರದಲ್ಲ; ಆದರೆ ಬೇಕರಿಯ ಯಜಮಾನರು ಕೂಡ ಅಂಚಿನಲ್ಲಿ ನಿಂತು ಮಾತಾಡಿ ಹೋಗುತ್ತಿದ್ದರೇ ಹೊರತು ಒಳಗೆ ಕಾಲಿಟ್ಟವರಲ್ಲ.

ಮಾವ ದಪ್ಪಗಿದ್ದರು. ಮನೆಯಲ್ಲಿ ಬೀರು ಇದ್ದ ಹಾಗೆ ಅದೂ ಒಂದು ಇದ್ದ ಸಂಗತಿ. ಯಾರೂ ಅದರ ಬಗ್ಗೆ ಚರ್ಚಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರಿಗೆ ಗುಂಡಿಯಿಂದ ಮೇಲೆ ಬರಲಾಗಲಿಲ್ಲ. ಮಂಡಿ ಕೈಕೊಟ್ಟಿತು. ಹಿಟ್ಟು ನಾದುವವನು ಮತ್ತು ಬ್ರೆಡ್ಡು ಒಯ್ಯಲು ಬಂದಿದ್ದ ಗಾಡಿಯವರು ಸೇರಿ ಕಂಕುಳಿಗೆ ಕೈ ಹಾಕಿ ಎಳೆದರು. ಹಿಟ್ಟು ನಾದುವವನು ತೀರ ಬಡಕಲು, ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

“ಅಣ್ಣ, ನಿಮ್ಮ ಅಳತೆಯ ಟಿನ್ನೊಂದು ಇದ್ದಿದ್ರೆ ಹಲಗೇಲೇ ಎಳ್ಕೋಬಹುದಿತ್ತು,” ಎಂದ ಕಡ್ಡಿ, ಏದುಸಿರು ಬಿಡುತ್ತ.

ಗಲಾಟೆ ಕೇಳಿ ಅಂಗಡಿಯಿಂದ ಬಂದ ಯಜಮಾನರು ಮಾತ್ರ ನಗಲಿಲ್ಲ. “ಉರಿಯೋ ಒಲೆ ಮುಂದೆ ಬಿದ್ದುಬಿಟ್ರೆ ಯಾರು ಹೊಣೆ? ಚಳಿ ಶುರುವಾಗೋವರೆಗೂ ನೋಡ್ತೀನಿ. ಅಷ್ಟರಲ್ಲಿ ನೀವೇ ಇಳಿದು ನೀವೇ ಹತ್ತೋ ಹಾಗಾಗ್ಬೇಕು. ಇಲ್ಲಾಂದ್ರೆ ಕೌಂಟರಲ್ಲಿ ಕೂತ್ಕೊಳ್ಳಿ, ಒಲೆ ಬೇರೆಯವರು ನೋಡ್ಕೋತಾರೆ.”

ಮಾವ ಮನೆಗೆ ಬಂದು ಅತ್ತೆಗೆ ಹೇಳಿದರು: “ಬನ್ನು ಸುಡೋನು ಬನ್ನು ಕಟ್ಟಿಕೊಡೋನಾಗ್ಬೇಕಂತೆ.”

ಡಾಕ್ಟರಮ್ಮ ಮಂಡಿ ಒತ್ತಿ ನೋಡಿ, ಮಂಡಿಯ ತಪ್ಪೇನಿಲ್ಲ, ಅದು ಹೊರುತ್ತಿರುವುದೇ ಜಾಸ್ತಿಯಾಗಿದೆ ಎಂದರು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಮಾವ ಪ್ರಾಮಾಣಿಕವಾಗಿ ಎರಡು ಹೊತ್ತಿನ ಊಟದ ವಿವರ ಕೊಟ್ಟರು. ಅದನ್ನು ಅರ್ಧ ಮಾಡಿ, ನಡೆಯಿರಿ ಎಂದು ಅವರು ಹೇಳಿ ಕಳಿಸಿದರು.

ಮಾವನಲ್ಲಿ ಆರಂಭಶೂರತ್ವಕ್ಕೆ ಕೊರತೆಯಿರಲಿಲ್ಲ. ಕ್ಯಾನ್ವಾಸ್ ಶೂ ಬಂತು. ಸಂಜೆ ಮೈದಾನದ ಸುತ್ತ ನಡೆದು ಬಂದು, ತರಕಾರಿಯ ಗುಣಗಳ ಬಗ್ಗೆ ನಮಗೆ ಉಪನ್ಯಾಸ ಕೊಟ್ಟರು. ಅರ್ಧ ತಟ್ಟೆ ಉಂಡು, ಉಳಿದರ್ಧವನ್ನು ಶತ್ರುವಿನಂತೆ ದೂರ ಸರಿಸಿದರು. ವಾರಕ್ಕೊಮ್ಮೆ ಬೇಕರಿಯಲ್ಲಿ ಮೈದಾ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ನಿಲ್ಲುತ್ತಿದ್ದರು. ಕಡ್ಡಿ ಇನ್ನೊಂದು ಕಡೆ ಕಬ್ಬಿಣದ ತೂಕದ ಬಟ್ಟು ಇಡುತ್ತಿದ್ದ. ಮೊದಲ ವಾರ ಒಂದು ಸಣ್ಣ ಬಟ್ಟು ತೆಗೆಯಬೇಕಾಯಿತು. ಮಾವ ಅಂದು ಮನೆಗೆ ಶಿಳ್ಳೆ ಹಾಕುತ್ತ ಬಂದರು. ಆಮೇಲೆ ತಕ್ಕಡಿ ಹಟ ಹಿಡಿಯಿತು. ವಾರಗಳು ಕಳೆದರೂ ಮುಳ್ಳು ಅಲ್ಲಾಡಲಿಲ್ಲ. ಒಮ್ಮೆ ತೆಗೆದಿಟ್ಟ ಬಟ್ಟನ್ನೇ ಕಡ್ಡಿ ಮತ್ತೆ ಇಟ್ಟ.

ಉತ್ಸಾಹ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ಶೂ ಮಂಚದ ಕೆಳಗೆ ಸೇರಿತು. ಊಟಕ್ಕೆ ಕೂತರೆ ಮಾವನ ಕಣ್ಣು ನಮ್ಮ ತಟ್ಟೆಗಳ ಮೇಲೆ. ಒಂದು ಮಧ್ಯಾಹ್ನ ಅತ್ತೆ ಸೌತೆಕಾಯಿ ಹೆಚ್ಚಿ ಮುಂದಿಟ್ಟಾಗ ಅವರು ತಟ್ಟೆ ನೂಕಿದರು.

“ದಿನಾ ಇದನ್ನ ಕಚ್ಚೋಕೆ ನಾನೇನು ಮೊಲಾನಾ?”

“ಮೊಲ ಆಗಿದ್ರೆ ಚಿಂತೆ ಇರ್ಲಿಲ್ಲ, ಗುಂಡಿಯಿಂದ ನೆಗೆದು ಬರ್ತಿದ್ರಿ,” ಎಂದರು ಅತ್ತೆ. “ನಿಜ ಹೇಳ್ರೀ. ನಾನು ಇಲ್ಲಿ ಅಳೆದೂ ಸುರಿದೂ ಬಡಿಸ್ತೀನಿ. ಪಕ್ಕದ ಮನೆಯವರು ಗಂಡನ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಸಿದಾಳೆ ಅಂತಾರೆ. ತೂಕ ಮಾತ್ರ ಇಳಿಯಲ್ಲ. ನೀವು ಹೊರಗೆ ಎಲ್ಲಿ ತಿಂತೀರಿ?”

“ಎಲ್ಲೂ ತಿನ್ನಲ್ಲ ಕಣೇ. ಬೇಕಾದ್ರೆ ಕಡ್ಡೀನ ಕೇಳು.”

“ಕಡ್ಡಿ ನಿಮ್ಮ ಕಡೆಯ ಸಾಕ್ಷಿ.”

ಮಾವ ಎದ್ದು ಕೈ ತೊಳೆದರು. ಅವರು ಸುಳ್ಳು ಹೇಳುವವರಲ್ಲ, ಅತ್ತೆಗೂ ಅದು ಗೊತ್ತಿತ್ತು. ಅದಕ್ಕೇ ಆ ಮನೆಯಲ್ಲಿ ಆ ದಿನಗಳು ಕಷ್ಟದವಾಗಿದ್ದವು. ಬಹಳ ವರ್ಷ ಒಬ್ಬರನ್ನೊಬ್ಬರು ನಂಬಿ ಬದುಕಿದವರ ನಡುವೆ ಒಂದು ಊಟದ ತಟ್ಟೆ ಬಂದು ಕೂತಿತ್ತು.

ಕೆಲವು ದಿನಗಳ ನಂತರ ಮಾವ ಬೆಳಿಗ್ಗೆ ಕನ್ನಡಕ ಮರೆತು ಹೋದರು. ಅದನ್ನು ಕೊಡಲು ನಾನು ಬೇಕರಿಗೆ ಹೋದೆ. ಮೊದಲ ಒಬ್ಬೆ ಹೊರಬರುತ್ತಿತ್ತು. ಹಲಗೆಯ ಮೇಲೆ ಬಂದ ಮೊದಲ ಬ್ರೆಡ್ಡಿನ ಮೂಲೆಯನ್ನು ಮಾವ ಮುರಿದರು, ಮೂಗಿನ ಬಳಿ ಹಿಡಿದರು, ಬಾಯಿಗೆ ಹಾಕಿಕೊಂಡು ಕಣ್ಣು ಅರ್ಧ ಮುಚ್ಚಿ ಅಗಿದರು. ತಲೆಯಾಡಿಸಿದರು. ಟಿನ್ನುಗಳು ಮುಂದೆ ಹೋದವು. ಆಮೇಲೆ ಬನ್ನಿನ ಟ್ರೇ. ಒಂದು ಬನ್ನು ಮುರಿದರು. ಆಮೇಲೆ ಬಿಸ್ಕತ್ತು, ಅಂಚಿನದೊಂದು, ನಡುವಿನದೊಂದು, ಏಕೆಂದರೆ ಒಲೆಯ ಕಾವು ಎಲ್ಲ ಕಡೆ ಒಂದೇ ಇರುವುದಿಲ್ಲ. ಆಮೇಲೆ ರಸ್ಕು. ಕೇಕಿನ ಟ್ರೇ ಬಂದಾಗ ಚಾಕುವಿನ ತುದಿಯಲ್ಲಿ ಒಂದು ಚೂರು. ನಾನು ಕನ್ನಡಕ ಹಿಡಿದುಕೊಂಡು ನಿಂತೇ ಇದ್ದೆ.

“ಮಾವ, ನೀವು ತಿಂತಾನೇ ಇದ್ದೀರಿ.”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಎಲ್ಲಿ ತಿಂದೆ? ಒಬ್ಬೆ ಪರೀಕ್ಷೆ ಮಾಡಿದೆ. ಇದು ಕೆಲಸ ಕಣಮ್ಮಾ. ಊಟ ಮನೇಲಿ.”

ಅವರ ಗುರು ಅವರಿಗೆ ಕಲಿಸಿದ್ದೇ ಹಾಗಂತೆ: ಒಲೆಯವನು ಬಾಯಿಗೆ ಹಾಕಿಕೊಳ್ಳದ ಒಬ್ಬೆ ಅಂಗಡಿಗೆ ಹೋಗಕೂಡದು. ಬಡಗಿ ಮರ ತಟ್ಟಿ ನೋಡುವ ಹಾಗೆ, ದರ್ಜಿ ಬಟ್ಟೆ ಎಳೆದು ನೋಡುವ ಹಾಗೆ ಅದು. ದರ್ಜಿ ಎಳೆದು ನೋಡಿದ ಬಟ್ಟೆ ಅವನ ಹೊಟ್ಟೆಗೆ ಹೋಗುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ನಾನು ಹೇಳಿದ್ದನ್ನು ಕೇಳಿ ಅತ್ತೆ ಕೂಗಾಡಲಿಲ್ಲ. ಮರುದಿನ ಒಂದು ಪಾತ್ರೆ ಹಿಡಿದು ಬೇಕರಿಗೆ ಹೋದರು. ಮದುವೆಯಾಗಿ ಬಂದಾಗಿನಿಂದ ಅವರು ಒಲೆಯ ಕೋಣೆಗೆ ಕಾಲಿಟ್ಟಿರಲಿಲ್ಲ.

“ಇವತ್ತೊಂದು ದಿನ ಬಾಯಿಗೆ ಹಾಕ್ಕೊಳ್ಳೋದನ್ನೆಲ್ಲ ಇದಕ್ಕೆ ಹಾಕಿ,” ಎಂದರು.

“ಅತ್ತಿಗೆ, ಪಾತ್ರೆ ದೊಡ್ಡದಾಯ್ತು,” ಎಂದ ಕಡ್ಡಿ. “ಒಂದು ಲೋಟ ಸಾಕಾಗಿತ್ತು.”

ಕೆಲಸ ಮುಗಿಯುವ ಹೊತ್ತಿಗೆ ಪಾತ್ರೆ ತುಂಬಿ, ಮೇಲೆ ಗೋಪುರ ಕಟ್ಟಿತ್ತು. ಅತ್ತೆ ಅದನ್ನು ಮನೆಗೆ ತಂದು ಮಾವನ ಅರ್ಧ ತಟ್ಟೆಯ ಪಕ್ಕದಲ್ಲಿಟ್ಟರು. ಮಾವ ಎರಡನ್ನೂ ಬಹಳ ಹೊತ್ತು ನೋಡಿದರು.

“ಇಷ್ಟಾ?”

“ಹನಿ ಹನಿ ಕೂಡಿದರೆ ಹಳ್ಳ,” ಎಂದರು ಅತ್ತೆ. ಅನುಮಾನ ಪಟ್ಟಿದ್ದಕ್ಕೆ ಅವರು ಕ್ಷಮೆ ಕೇಳಲಿಲ್ಲ, ಮಾವನೂ ಎತ್ತಿ ಆಡಲಿಲ್ಲ. ಆದರೆ ಆ ಮಧ್ಯಾಹ್ನ ಅವರ ತಟ್ಟೆಗೆ ಅತ್ತೆ ಪೂರ್ತಿ ಊಟ ಬಡಿಸಿದರು. “ಹಸಿದ ಹೊಟ್ಟೇಲಿ ಒಲೆ ಮುಂದೆ ನಿಂತ್ರೆ ಕೈ ಸುಮ್ನಿರುತ್ತಾ? ಇಲ್ಲಿ ಕೂತು ಉಣ್ಣಿ, ಅಲ್ಲಿ ಬಾಯಿ ಮುಚ್ಚಿ.”

ಬಾಯಿ ಮುಚ್ಚುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಟ್ರೇ ಕಂಡರೆ ಕೈ ತಾನಾಗಿಯೇ ಹೋಗುತ್ತಿತ್ತು. “ಹೊಟ್ಟೆ ಕೇಳ್ತಿಲ್ಲ ಕಣೇ, ಕೈ ಕೇಳ್ತಿದೆ,” ಎಂದು ಮಾವ ಅತ್ತೆಗೆ ಹೇಳಿದ್ದು ನನಗೆ ನೆನಪಿದೆ. ಆಸೆಯ ಬಗ್ಗೆ ಆಮೇಲೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಕಡೆಗೆ ಅವರು ಮೂಗು ಬಾಯಿಗೆ ಸೇರಿಸಿ ಟವೆಲು ಕಟ್ಟಿಕೊಂಡರು. ಬ್ರೆಡ್ಡು ಒಯ್ಯಲು ಬಂದ ಗಾಡಿಯವನು ಬಾಗಿಲಲ್ಲೇ ಕೈ ಮೇಲೆತ್ತಿ, “ಹೊಡೀಬೇಡಿ ಸ್ವಾಮಿ, ನನ್ನತ್ರ ಏನೂ ಇಲ್ಲ,” ಎಂದ.

ತಕ್ಕಡಿ ಮೆತ್ತಗಾಗತೊಡಗಿತು. ಬಟ್ಟು ತೆಗೆಯುವಾಗ ಕಡ್ಡಿ ಅದನ್ನು ಬೇಕೆಂದೇ ಸದ್ದಾಗುವ ಹಾಗೆ ನೆಲಕ್ಕಿಡುತ್ತಿದ್ದ. ಅಷ್ಟರಲ್ಲೇ ಎಡವಟ್ಟಾಯಿತು. ಒಂದು ದಿನ ಕಡ್ಡಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಮರೆತ. ಟವೆಲಿನ ಹಿಂದಿದ್ದ ಮಾವನಿಗೆ ಅದು ತಿಳಿಯಲಿಲ್ಲ. ಇಡೀ ಒಬ್ಬೆ ಅಂಗಡಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳ ಕೈಯಲ್ಲಿ ವಾಪಸ್ಸು ಬಂತು.

ಯಜಮಾನರು ಕಡ್ಡಿಯನ್ನು ಬಯ್ಯಲಿಲ್ಲ. ಮಾವನತ್ತ ತಿರುಗಿ, “ಇದಕ್ಕಿಂತ ಕೌಂಟರೇ ವಾಸಿ ಅಲ್ವಾ?” ಎಂದರು. ಮೆಲ್ಲಗೆ ಹೇಳಿದ್ದರಿಂದ ಅದು ಹೆಚ್ಚು ನಾಟಿತು.

ಮರುದಿನ ಮಾವ ತಾವಾಗಿಯೇ ಕೌಂಟರಿನ ಸ್ಟೂಲಿನ ಮೇಲೆ ಹೋಗಿ ಕೂತರು. ರುಚಿ ನೋಡಿದರೆ ಮಂಡಿ ಹೋಗುತ್ತದೆ, ನೋಡದಿದ್ದರೆ ಮರ್ಯಾದೆ ಹೋಗುತ್ತದೆ. ಎರಡೂ ಬೇಡ ಎಂದು ಅವರ ತೀರ್ಮಾನ. ಗುಂಡಿಯಲ್ಲಿ ಆ ದಿನ ಕಡ್ಡಿ ಇದ್ದ. ಅಂಗಡಿಗೆ ಹಾಲು ತಂದ ಹಾಲಿನವನೇ ಮುಂದಿನದನ್ನು ನಮಗೆ ವರದಿ ಮಾಡಿದ. ಒಳಗೆ ಟಿನ್ನು ಎಳೆಯುವ ಸದ್ದು ಕೇಳಿದಾಗಲೆಲ್ಲ ಮಾವ ಸ್ಟೂಲಿನಿಂದ ಅರ್ಧ ಎದ್ದು ಕೂರುತ್ತಿದ್ದರಂತೆ. ಕಡೆಗೆ, “ಆ ಎಡಗಡೇದು ಸೀಯ್ತಿದೆ, ಎಳಿಯೋ,” ಎಂದು ಗೋಡೆಯ ಈಚೆಯಿಂದಲೇ ಕೂಗಿ, ಗಿರಾಕಿಯ ಕೈಗೆ ಅರ್ಧ ಕಟ್ಟಿದ ಪೊಟ್ಟಣ ಕೊಟ್ಟು ಒಳಗೆ ನಡೆದರಂತೆ.

ಅದನ್ನು ಕೇಳಿದ ಅತ್ತೆ ಸಂಜೆ ಮಾವನಿಗೆ ಹೇಳಿದರು: “ನಾಳೆಯಿಂದ ನಾನು ಬರ್ತೀನಿ. ನೀವು ಎರಡೂ ಕೈಯಲ್ಲಿ ಹಲಗೆ ಹಿಡ್ಕೊಳ್ಳಿ. ಮುರಿಯೋದು, ತಿನ್ನೋದು ನನ್ನ ಪಾಲು.”

“ನಿನಗೇನು ಗೊತ್ತಾಗುತ್ತೆ?”

“ಇಷ್ಟು ವರ್ಷ ನೀವು ತಂದ ನಿನ್ನೆಯ ಬ್ರೆಡ್ಡು, ಒಡೆದ ಬಿಸ್ಕತ್ತು ತಿಂದಿದೀನಿ. ನಿನ್ನೇದರಲ್ಲೇ ತಪ್ಪು ಗೊತ್ತಾಗೋಳಿಗೆ ಇವತ್ತಿಂದು ಗೊತ್ತಾಗಲ್ವಾ?”

ಹೀಗೆ ಅತ್ತೆ ಬೇಕರಿಗೆ ಬಂದರು. ಗುಂಡಿಯ ಅಂಚಿನಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಬೆರಳ ತುದಿಯಷ್ಟು ಮುರಿದು, ಕೋಳಿಯಂತೆ ಚಕ್ಕನೆ ನುಂಗಿ ತೀರ್ಪು ಕೊಡುತ್ತಿದ್ದರು. “ಉಪ್ಪು ಕಮ್ಮಿ.” “ಒಳಗೆ ಹಸಿ ಇದೆ.” “ಸಕ್ಕರೆ ಯಾರಪ್ಪನ ಮನೇದು?” ಮೊದಲ ದಿನಗಳಲ್ಲಿ ಮಾವ ಪ್ರತಿಯೊಂದಕ್ಕೂ ವಾದಿಸಿದರು. ಅನುಮಾನ ಬಂದಾಗ ಕಡ್ಡಿಯ ಬಾಯಿಗೆ ಒಂದು ಚೂರು ಹೋಗುತ್ತಿತ್ತು. ಕಡ್ಡಿ ಯಾವಾಗಲೂ ಅತ್ತಿಗೆಯ ಪಕ್ಷ. ಕ್ರಮೇಣ ಮಾವ ಹಲಗೆ ಎಳೆದು, ಅತ್ತೆಯ ಮುಖ ನೋಡುವುದನ್ನು ಕಲಿತರು. ಅವರ ಹುಬ್ಬು ಏರದಿದ್ದರೆ ಒಬ್ಬೆ ಮುಂದಕ್ಕೆ. ಒಂದು ಮಧ್ಯಾಹ್ನ ಊಟಕ್ಕೆ ಕರೆದಾಗ ಅತ್ತೆ, “ನನಗೇನೋ ಹಸಿವೇ ಇಲ್ಲ,” ಎಂದರು. ಮಾವ ನಕ್ಕು ನಕ್ಕು ನೀರು ನೆತ್ತಿಗೇರಿ ಕೆಮ್ಮಿದರು. ಅಂದೇ ಕ್ಯಾನ್ವಾಸ್ ಶೂ ಮಂಚದ ಕೆಳಗಿನಿಂದ ಹೊರಬಂತು; ಸಂಜೆ ಇಬ್ಬರೂ ಮೈದಾನಕ್ಕೆ ಹೋಗತೊಡಗಿದರು, ಅತ್ತೆ ಮುಂದೆ, ಮಾವ ಹಿಂದೆ.

ಎಲ್ಲ ವಾರವೂ ತೂಕ ಇಳಿಯಿತೆಂದಲ್ಲ. ಇಳಿಯದ ವಾರಗಳಲ್ಲಿ ಮಾವ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದರು, ಅತ್ತೆ ಸಮಾಧಾನ ಹೇಳುತ್ತಿರಲಿಲ್ಲ. “ಏರಿಸೋಕೆ ಇಷ್ಟು ವರ್ಷ ತಗೊಂಡ್ರಿ, ಇಳಿಸೋಕೆ ಏನು ಅವಸರ,” ಎಂದು ಬೆಳಿಗ್ಗೆ ಅವರಿಗಿಂತ ಮೊದಲೇ ಎದ್ದು ಬೇಕರಿಗೆ ಹೊರಡುತ್ತಿದ್ದರು. ಹೆಂಡತಿ ಹೋದ ಮೇಲೆ ಗಂಡ ಮಲಗಿರುವುದು ಹೇಗೆ?

ಚಳಿ ಶುರುವಾಯಿತು. ಯಜಮಾನರು ಶಾಲು ಹೊದ್ದು ಒಲೆಯ ಕೋಣೆಗೆ ಬಂದು ಗೋಡೆಗೆ ಒರಗಿ ನಿಂತರು. ಅವರು ಏಕೆ ಬಂದಿದ್ದಾರೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಅಲ್ಲಿದ್ದೆ. ಮಾವ ಮೆಟ್ಟಿಲಿಳಿದರು, ಒಬ್ಬೆ ತಳ್ಳಿದರು, ಕಾದರು, ಎಳೆದರು. ಅತ್ತೆ ಮೊದಲ ಬ್ರೆಡ್ಡಿನ ಮೂಲೆ ಮುರಿದರು. ಮಾವ ಹಲಗೆಯನ್ನು ಗೋಡೆಗಾನಿಸಿ, ಮೆಟ್ಟಿಲ ಮೇಲೆ ಕಾಲಿಟ್ಟರು. ನಡುವಿನ ಮೆಟ್ಟಿಲಲ್ಲಿ ನಿಂತುಬಿಟ್ಟರು. ಒಂದು ಕೈ ಅಂಚಿನ ಕಲ್ಲನ್ನು ಹಿಡಿದಿತ್ತು. ಕಡ್ಡಿ ಮುಂದಕ್ಕೆ ಒಂದು ಹೆಜ್ಜೆ ಇಟ್ಟ. ಅತ್ತೆ ಅವನ ಕಡೆ ನೋಡಿದ ನೋಟಕ್ಕೆ ಅಲ್ಲೇ ನಿಂತ.

“ಮೇಲೆ ಬಂದು ಉಸಿರು ಬಿಡಿ,” ಎಂದರು ಅತ್ತೆ ಬಾಯಲ್ಲಿ ಬ್ರೆಡ್ಡಿಟ್ಟುಕೊಂಡೇ. “ದಾರೀಲಿ ನಿಂತ್ಕೋಬೇಡಿ.”

ಮಾವ ಮೇಲೆ ಬಂದರು.

ಯಜಮಾನರು ಅತ್ತೆಯ ಕಡೆ ತಿರುಗಿ ಕೇಳಿದರು: “ಹೇಗಿದೆಯಮ್ಮಾ ಇವತ್ತಿನದು?”

ಅತ್ತೆ ಅಗಿದು ಮುಗಿಸುವವರೆಗೆ ಎಲ್ಲರನ್ನೂ ಕಾಯಿಸಿದರು. “ಕಳಿಸಬಹುದು,” ಎಂದರು.

ಯಜಮಾನರು ಶಾಲು ಸರಿಮಾಡಿಕೊಂಡು ಅಂಗಡಿಯ ಬಾಗಿಲು ತೆರೆಯಲು ಹೋದರು. ಕಡ್ಡಿ ಟಿನ್ನುಗಳನ್ನು ಬಡಿದು ಬಿಡಿಸತೊಡಗಿದ. ಬನ್ನು ಉಬ್ಬಿ ಒಲೆಗಾಗಿ ಕಾಯುತ್ತಿತ್ತು. ಮಾವ ಹಣೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಮತ್ತೆ ಗುಂಡಿಗೆ ಇಳಿದರು.