ಆಚಾರ್ಯರ ದನಿಯಲ್ಲಿ ನಾನು ಕೊಟ್ಟ ತೀರ್ಪು

ಅತ್ತೆ ಸಾಗರಕ್ಕೆ ಹೋಗುವ ದಾರಿಗೆ ಅಡ್ಡ ಬಿದ್ದ ಮಂಗ ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ, ಅದೂ ನನಗಿಂತ ಚೆನ್ನಾಗಿ.

ಅರವತ್ತರ ದಶಕದ ಒಂದು ವರ್ಷ. ಹೊಸನಗರದ ನಮ್ಮ ಮಾಧ್ವರ ಮನೆಗೆ ತೀರ್ಥಹಳ್ಳಿಯಿಂದ ಆಚಾರ್ಯರೊಬ್ಬರು ಪ್ರವಚನಕ್ಕೆ ಬಂದಿದ್ದರು. "ಕರ್ಮ ಜಡ, ತಾನಾಗಿ ಫಲ ಕೊಡಲಾರದು. ಕೊಡುವವನು ಹರಿ. ಜೀವನಿಗೆ ಸ್ವಾತಂತ್ರ್ಯವಿಲ್ಲ, ಅವನು ಮಾಡಿಸಿದ್ದನ್ನು ಮಾಡುತ್ತಾನೆ" ಎಂದು ಮೂಗಿನಲ್ಲೇ ನುಡಿದು, ಚಿಟಿಕೆ ನಶ್ಯ ಏರಿಸಿ, "ಹ್ಞಾಂ?" ಎನ್ನುತ್ತಿದ್ದರು. ಎರಡೇ ದಿನದಲ್ಲಿ ಆ ಮೂಗು ಆಗಿನ್ನೂ ಹುಡುಗನಾಗಿದ್ದ ನನಗೆ ಬಂತು. ತತ್ವ ಬರಲಿಲ್ಲ. ಜೀವರಲ್ಲಿ ಮೂರು ಬಗೆಯಂತೆ: ಮೋಕ್ಷಕ್ಕೆ ಹೋಗುವವರು, ಸಂಸಾರದಲ್ಲೇ ಸುತ್ತುವವರು, ಕತ್ತಲಿಗೆ ಬೀಳುವವರು. ಮನೆಯ ಯಜಮಾನರಾದ ದೊಡ್ಡಪ್ಪ ನನ್ನನ್ನು ಯಾವುದಕ್ಕೆ ಸೇರಿಸಿದ್ದರೆಂದು ಕೇಳಬೇಡಿ.

ಅತ್ತೆ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದಳು. ಸಾಗರದಲ್ಲಿ ಬಾಲವಾಡಿ ಟೀಚರ್ ತರಬೇತಿಗೆ ಅವಳನ್ನು ಆರಿಸಿದ್ದರು. ಅವತ್ತು ಸಂಜೆಯ ಬಸ್ಸು ಹಿಡಿಯದಿದ್ದರೆ ಆ ಜಾಗ ಬೇರೆಯವರಿಗೆ. ಊಟವಾದ ಮೇಲೆ ಜಗಲಿಗೆ ಬಂದು ದೊಡ್ಡಪ್ಪನನ್ನು ಕೇಳಿದಳು:

"ಅಣ್ಣಯ್ಯ, ಹೋಗ್ಲಾ?"

"ಆಚಾರ್ಯರನ್ನೊಂದ್ ಮಾತು ಕೇಳಣ" ಎಂದು ದೊಡ್ಡಪ್ಪ ಅವರು ಇಳಿದುಕೊಂಡಿದ್ದ ಕೋಣೆಯ ಬಾಗಿಲ ಕಡೆ ತಿರುಗಿದರು.

ಆಚಾರ್ಯರು ಹಿತ್ತಲ ಬಾಗಿಲಿನಿಂದ ಹೊಳೆಗೆ ಹೋಗಿಯಾಗಿತ್ತು. ಕೋಣೆಯೊಳಗೆ ಇದ್ದವನು ನಾನು, ಅವರ ನಶ್ಯದ ಡಬ್ಬಿ ಮೂಸುತ್ತ. ನನ್ನ ಅಣಕಕ್ಕೆ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವವಳು ಅತ್ತೆಯೊಬ್ಬಳೇ. ನಗಲಿ ಎಂದು ಒಳಗಿನಿಂದಲೇ ಮೂಗಿನಲ್ಲಿ ನುಡಿದೆ:

"ಪ್ರಾರಬ್ಧ ಕಣಮ್ಮಾ. ಕೂತಲ್ಲೇ ಅನುಭವಿಸಬೇಕು. ಹ್ಞಾಂ?"

ಯಾರೂ ನಗಲಿಲ್ಲ. ದೊಡ್ಡಪ್ಪ ಬಾಗಿಲಿಗೆ ಕೈಮುಗಿದರು. "ಕೇಳಿದ್ಯಲ್ಲ? ಇನ್ನು ಆ ಮಾತು ಬಿಡು."

ಬಾಗಿಲ ಸಂದಿಯಲ್ಲಿ ಕಂಡ ಅತ್ತೆಯ ಮುಖ ನೋಡಲಾಗದೆ ಹೊರಗೆ ಬಂದೆ. "ಅದು ಆಚಾರ್ಯರಲ್ಲ ದೊಡ್ಡಪ್ಪ, ನಾನು" ಎಂದು ಅದೇ ದನಿಯಲ್ಲಿ ಇನ್ನೊಮ್ಮೆ ಆಡಿಯೂ ತೋರಿಸಿದೆ. ನನಗೆ ಏಟು ಬಿದ್ದು ಅತ್ತೆಗೆ ಬಸ್ಸು ಸಿಗುತ್ತದೆ ಎಂಬ ನಂಬಿಕೆ. ದೊಡ್ಡಪ್ಪ ಪ್ರವಚನ ಕೇಳಿದ್ದು ಸಾರ್ಥಕವಾಯಿತು ಎನ್ನುವ ಮುಖ ಮಾಡಿದರು.

"ಆಡಿದ್ದು ನೀನಾದ್ರೆ ಆಡ್ಸಿದ್ದು ಯಾರೋ? ಹರಿ. ಅವನಿಲ್ದೆ ನಿಂಗೆ ಕೆಮ್ಮೋಕೂ ಬರಲ್ಲ. ಬಂದ ಮಾತು ಬಂತು, ಆಯ್ತು."

ನಾನು ಬಿಡಲಿಲ್ಲ. "ಹಂಗಾದ್ರೆ ಹೋದ ವಾರ ನಿಮ್ಮ ಥರ ಕೆಮ್ಮಿ ತೋರ್ಸಿದ್ದಕ್ಕೆ ನಂಗ್ಯಾಕೆ ಹೊಡೆದ್ರಿ? ಕೆಮ್ಮಿಸಿದ್ದೂ ಅವನೇ ಅಲ್ವಾ?"

"ಅದು ನಿನ್ನ ಪ್ರಾರಬ್ಧ!"

ನಮ್ಮಿಬ್ಬರ ಈ ಶಾಸ್ತ್ರಚರ್ಚೆ ನಡೆಯುತ್ತಿರುವಾಗಲೇ ಅತ್ತೆ ಒಳಗೆ ಹೋಗಿ ತನ್ನ ಟ್ರಂಕು ತಂದು ಜಗಲಿಯ ಮೇಲೆ ಕುಕ್ಕಿದಳು. ಸೆರಗು ಸಿಕ್ಕಿಸಿಕೊಂಡು, ದನಿ ಏರಿಸದೆ ಹೇಳಿದಳು:

"ಅಣ್ಣಯ್ಯ, ಈ ಮಂಗನ ಬಾಯಲ್ಲಿ ಬಂದು ಬೇಡ ಅಂದ ಹರಿನೇ ಈಗ ನನ್ನ ಕಾಲಲ್ಲಿ ಬಂದು ಹೋಗ್ತೀನಿ ಅಂತಿದಾನೆ. ತಡೆಯೋದಾದ್ರೆ ಅವನನ್ನ ತಡಿ."