ಕಾರ್ಯದರ್ಶಿಯ ಗಂಟಲಿನಲ್ಲಿ ಹನ್ನೆರಡು ಪತ್ರಗಳು

ನನಗೆ ಸೇಡಿನ ಬುದ್ಧಿ ಇದೆ. ಇದನ್ನು ಪಾಪನಿವೇದನೆಯಲ್ಲೂ ಒಪ್ಪಿಕೊಂಡಿದ್ದೇನೆ. ಫಾದರ್‌ರ ದನಿಯನ್ನೇ ಅನುಕರಿಸಿ ಒಪ್ಪಿಕೊಂಡದ್ದರಿಂದ ಅವರಿಗೆ ನಗು ತಡೆಯಲಾಗದೆ ಪ್ರಾಯಶ್ಚಿತ್ತ ಕೊಡುವುದೇ ಮರೆತುಹೋಯಿತು. ಹಾಗಾಗಿ ಆ ಲೆಕ್ಕದಲ್ಲಿ ನಾನು ಇನ್ನೂ ಪಾಪಿಯೇ.

ಕೊಪ್ಪದ ಒಂದು ಮೊಬೈಲ್ ಅಂಗಡಿಯ ಹಿಂದಿನ ಕೋಣೆ ನನ್ನ ಆಫೀಸು. ಆಟೋದ ತಲೆಯ ಮೇಲೆ ಮೈಕ್ ಕಟ್ಟಿ ಊರೂರು ಸುತ್ತಿಸುತ್ತಾರಲ್ಲ, ಆ ಪ್ರಚಾರದ ದನಿ ಈ ಕಡೆಯಲ್ಲೆಲ್ಲ ನನ್ನದೇ. ಶೃಂಗೇರಿಯ ಸೀರೆ ಅಂಗಡಿಯ ರಿಯಾಯಿತಿಗೆ ಒಂದು ಗಂಟಲು, ಪಕ್ಕದ ನಾರ್ವೆ ಹಳ್ಳಿಯ ವಾಲಿಬಾಲ್ ಪಂದ್ಯಕ್ಕೆ ಇನ್ನೊಂದು, ಕಣ್ಣಿನ ತಪಾಸಣೆ ಶಿಬಿರಕ್ಕೆ ಸ್ವಲ್ಪ ಕರುಣೆ ಬೆರೆಸಿದ ಮತ್ತೊಂದು. ಅಂಗಡಿಯ ಯಜಮಾನರನ್ನು ನಾನು ಭಾಯಿ ಎನ್ನುತ್ತೇನೆ. ಅವರು ಒಮ್ಮೆ ಕೇಳಿದರು: "ನಿನ್ನ ಸ್ವಂತ ದನಿ ಯಾವ್ದು ಮಾರಾಯ? ಒಂದ್ಸಲ ಕೇಳ್ಸು, ನೋಡುವ."

ಉತ್ತರ ಕೊಡಲು ಬಾಯಿ ತೆರೆದೆ. ಶೃಂಗೇರಿ ಬಸ್ಸಿನ ಕಂಡಕ್ಟರ್ ಹೊರಬಂದ. ಭಾಯಿ ತಲೆ ಚಚ್ಚಿಕೊಂಡರು.

ನನ್ನ ಮನೆ ನರಸಿಂಹರಾಜಪುರದಲ್ಲಿ. ಕೇರಳದಿಂದ ಬಂದು ಇಲ್ಲಿ ನೆಲೆ ನಿಂತ ಕ್ರೈಸ್ತರ ಮನೆಗಳಲ್ಲಿ ನಮ್ಮದೂ ಒಂದು. ನಮ್ಮ ತಲೆಮಾರಿನವರ ಪಾಡು ವಿಚಿತ್ರ. ಮನೆಯಲ್ಲಿ ಮಲಯಾಳ ಮಾತಾಡುತ್ತೇವೆ, ಜಗಳವಾಡುತ್ತೇವೆ, ಜಪ ಹೇಳುತ್ತೇವೆ. ಅದೇ ಮಲಯಾಳವನ್ನು ಕಾಗದದ ಮೇಲೆ ಬರೆದು ಕೊಟ್ಟರೆ ಜಿಲೇಬಿ ನೋಡಿದ ಹಾಗೆ ನೋಡುತ್ತೇವೆ. ಓದು ಬರಹ ಏನಿದ್ದರೂ ಕನ್ನಡದಲ್ಲಿ.

ನಮ್ಮ ಚರ್ಚಿನ ಜಗಲಿಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇದೆ. ಮಿಷನ್ ಕಪಾಟು ಎಂದು ಹೆಸರು. ಅದರಲ್ಲಿ ಮಿಷನ್ ಪತ್ರಿಕೆಗಳು, ಮಕ್ಕಳ ಕ್ವಿಜ್ ಪುಸ್ತಕಗಳು, ಪ್ರಾರ್ಥನೆಯ ಕಾರ್ಡುಗಳು, ಒಂದು ಭಾರತದ ಭೂಪಟ. ನಮ್ಮ ಊರಿನಿಂದ ಯಾರು ಯಾವ ರಾಜ್ಯಕ್ಕೆ ಸೇವೆಗೆ ಹೋಗಿದ್ದಾರೆ ಎಂದು ಭೂಪಟದ ಮೇಲೆ ಕೆಂಪು ನೂಲು ಎಳೆದು ತೋರಿಸಿದ್ದಾರೆ. ಮಿಷನ್ ಎಂದರೆ ಏನು, ಅಲ್ಲಿ ಹೋದವರು ಏನು ತಿನ್ನುತ್ತಾರೆ, ನಾವು ಕೊಟ್ಟ ಹಲಸಿನಕಾಯಿ ಹರಾಜಾದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಊರಿಗೆ ತಿಳಿದದ್ದು ಆ ಕಪಾಟಿನಿಂದಲೇ. ಆದರೆ ಅದರಲ್ಲಿ ಜನ ನಿಜವಾಗಿ ಕಾಯುತ್ತಿದ್ದುದು ಒಂದಕ್ಕೇ: ಸಿಸ್ಟರ್‌ರ ಪತ್ರ.

ಆ ಸಿಸ್ಟರ್ ನಮ್ಮೂರಿನವರೇ. ಛತ್ತೀಸ್‌ಗಢದ ಕಾಡಿನ ಹಳ್ಳಿಯೊಂದರಲ್ಲಿ ಸಣ್ಣ ಔಷಧಾಲಯ ನೋಡಿಕೊಳ್ಳುತ್ತಾರೆ. ಪ್ರತಿ ವರ್ಷ ಮಿಷನ್ ಭಾನುವಾರಕ್ಕೆ ಅವರ ಪತ್ರ ಬರುತ್ತದೆ, ಪೂಜೆಯ ಕೊನೆಯಲ್ಲಿ ಅದನ್ನು ಓದುವುದು ಪದ್ಧತಿ. ಪತ್ರ ಮಲಯಾಳದಲ್ಲಿ ಇರುತ್ತದೆ. ಅದನ್ನು ಓದಬಲ್ಲವರ ಕಣ್ಣಿಗೆ ಪೊರೆ ಬಂದಿದೆ, ಕಣ್ಣಿದ್ದವರಿಗೆ ಅಕ್ಷರ ಬರುವುದಿಲ್ಲ. ಹಾಗಾಗಿ ಹನ್ನೆರಡು ವರ್ಷದಿಂದ ನನ್ನ ಅಮ್ಮ ಅದನ್ನು ಕನ್ನಡಕ್ಕೆ ಮಾಡುತ್ತಿದ್ದಳು. ಏಳನೇ ಕ್ಲಾಸಿನವರೆಗೆ ಕೇರಳದಲ್ಲಿ, ಆಮೇಲೆ ಇಲ್ಲಿ ಓದಿದವಳು. ಮಧ್ಯಾಹ್ನ ಪಾತ್ರೆ ತೊಳೆದು, ಕೈ ಒರೆಸಿ, ನನ್ನ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದಳು. ಒಂದು ಪದಕ್ಕೆ ಅರ್ಧ ದಿನ ಕೂತದ್ದೂ ಉಂಟು. ಜ್ವರದ ಮಗುವನ್ನು ಹೊತ್ತು ಗುಡ್ಡ ಇಳಿದು ಬಂದ ಹೆಂಗಸಿನ ಬಗ್ಗೆ ಒಂದು ಪತ್ರದಲ್ಲಿ ಹೀಗೆ ಬರೆದಿದ್ದಳು: 'ಅವಳ ಕಾಲು ಸೋತಿತ್ತು, ಕೈ ಸೋತಿರಲಿಲ್ಲ.'

ಬರೆದದ್ದನ್ನು ವೇದಿಕೆಯಲ್ಲಿ ಓದುವವರು ಮಿಷನ್ ಸಮಿತಿಯ ಕಾರ್ಯದರ್ಶಿ. ನಾನು ಅವರನ್ನು ಚೇಟ್ಟ ಎನ್ನುತ್ತೇನೆ, ಅಣ್ಣ ಎಂದು ಅರ್ಥ. ಅವರು ನನ್ನನ್ನು ಮೋನೆ ಎನ್ನುತ್ತಾರೆ, ಮಗನೇ ಎಂದು. ಇಬ್ಬರಿಗೂ ಅದರಲ್ಲಿ ನಂಬಿಕೆ ಇಲ್ಲ. ಅವರ ದನಿ ದೊಡ್ಡದು. "ಪ್ರಿಯ ಸಹೋದರ ಸಹೋದರಿಯರೇ" ಎಂದು ಶುರುಮಾಡಿ ಒಂದು ಉಸಿರು ಬಿಟ್ಟು, "ಅಂದರೆ" ಎಂದು ಇನ್ನೊಂದು ಉಸಿರು ಎಳೆಯುತ್ತಾರೆ. ಅವರ ಅನುಕರಣೆ ನನಗೆ ಹತ್ತನೇ ವಯಸ್ಸಿನಿಂದ ಬಾಯಿಪಾಠ.

ಹೋದ ವರ್ಷ ಹನ್ನೆರಡೂ ಪತ್ರ ಸೇರಿಸಿ ಕಪಾಟಿಗೊಂದು ಪುಸ್ತಕ ಮಾಡಿದರು. ಮೊದಲ ಪುಟದಲ್ಲಿ ಕಾರ್ಯದರ್ಶಿಯ ಕೋಟು ತೊಟ್ಟ ಫೋಟೊ. ಕೆಳಗೆ, ಕನ್ನಡಕ್ಕೆ ತಂದವರು ಎಂದು ಅವರದೇ ಹೆಸರು. ಕೊನೆಯ ಪುಟದಲ್ಲಿ ಕೃತಜ್ಞತೆ: ಮೈಕ್ ಸೆಟ್ ಕೊಟ್ಟವರ ಹೆಸರಿತ್ತು, ಚಹಾ ಬನ್ನು ಕೊಟ್ಟವರ ಹೆಸರಿತ್ತು. ಅಮ್ಮ ಎಲ್ಲಿದ್ದಳು ಎಂದರೆ, 'ಸಹಕರಿಸಿದ ಎಲ್ಲ ತಾಯಂದಿರಿಗೆ' ಎಂಬಲ್ಲಿ.

ಅಮ್ಮ ನಿಂತೇ ಓದಿದಳು. ಗುಡ್ಡ ಇಳಿದ ಹೆಂಗಸಿನ ಪುಟ ಹುಡುಕಿದಳು. ಅಲ್ಲಿ ಕಾರ್ಯದರ್ಶಿ ತಿದ್ದಿದ್ದರು: 'ಆ ಮಹಾಮಾತೆಯ ಪಾದಕಮಲಗಳು ದಣಿದವಾದರೂ ಹಸ್ತದ್ವಯವು ದಣಿಯದಾಯಿತು.'

"ಅಚ್ಚು ಚೆನ್ನಾಗಿ ಬಂದಿದೆ" ಎಂದಳು. ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು, ಸಾರಿಗೆ ಒಗ್ಗರಣೆ ಹಾಕಲು ಹೋದಳು. ಒಗ್ಗರಣೆ ಕರಟಿತು. ಮೂವತ್ತು ವರ್ಷದಲ್ಲಿ ಅವಳ ಒಗ್ಗರಣೆ ಕರಟಿದ್ದನ್ನು ನಾನು ನೋಡಿಲ್ಲ. ನನಗೆ ಇಪ್ಪತ್ತಾರೇ ವರ್ಷ, ಆದರೂ ನೋಡಿಲ್ಲ.

ಅವತ್ತಿನಿಂದ ನನಗೆ ಬೇರೆ ಕೆಲಸ ಇರಲಿಲ್ಲ. ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೆಳೆಯರ ಮುಂದೆ ಕಾರ್ಯದರ್ಶಿಯನ್ನು ಆಡಿ ತೋರಿಸುತ್ತಿದ್ದೆ. ಪಾದಕಮಲ ಎನ್ನುವಾಗ ಚಪ್ಪಲಿ ತೆಗೆದು ತೋರಿಸುತ್ತಿದ್ದೆ. ಎಲ್ಲರೂ ನಕ್ಕರು. ಯಾರಿಗೂ ನಕ್ಕದ್ದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅನುಕರಣೆ ಮಾಡುವವನ ಹಣೆಬರಹವೇ ಅದು. ಅವನು ಸಿಟ್ಟಾದರೂ ಜನ ಇನ್ನೊಂದ್ಸಲ ಮಾಡು ಎನ್ನುತ್ತಾರೆ.

ಈ ವರ್ಷ ಮಿಷನ್ ಭಾನುವಾರಕ್ಕೆ ಎರಡು ವಾರ ಇರುವಾಗ ಕಾರ್ಯದರ್ಶಿ ಕೊಪ್ಪದ ಅಂಗಡಿಗೆ ಬಂದರು. ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಮಗಳ ಸ್ಲೇಟು. ಗಂಟಲಿನಲ್ಲಿ ಗಂಟಾಗಿ ಶಿವಮೊಗ್ಗದಲ್ಲಿ ಆಪರೇಷನ್ ಆಗಿತ್ತಂತೆ. ಒಂದು ತಿಂಗಳು ಪಿಸುಮಾತೂ ಕೂಡದೆಂದು ಡಾಕ್ಟರು ಹೇಳಿದ್ದರಂತೆ. ಇದನ್ನೆಲ್ಲ ಸ್ಲೇಟಿನಲ್ಲಿ ಬರೆದು, ಒರೆಸಿ, ಬರೆದು ತಿಳಿಸಿದರು.

ಪುಸ್ತಕದ ಹನ್ನೆರಡೂ ಪತ್ರಗಳ ಧ್ವನಿಮುದ್ರಣ ಮಾಡುವ ಯೋಜನೆ ಇತ್ತು. ಓದಲು ಬಾರದ ಮುದುಕರಿಗಾಗಿ, ಫೋನಿನಲ್ಲಿ ಕಳಿಸುವುದಕ್ಕೆ. ಅದರ ಬಿಡುಗಡೆ ಮಿಷನ್ ಭಾನುವಾರದ ಪೂಜೆಯಲ್ಲಿ. 'ಆಪರೇಷನ್‌ಗೆ ಮೊದಲೇ ರೆಕಾರ್ಡ್ ಮಾಡಿ ಇಟ್ಟಿದ್ದೇನೆ ಎಂದು ಫಾದರ್‌ಗೆ ಹೇಳಿಬಿಟ್ಟಿದ್ದೆ' ಎಂದು ಬರೆದರು. ಮಾಡಿರಲಿಲ್ಲ. ಸ್ಲೇಟು ಒರೆಸಿ ಮತ್ತೆ ಬರೆದರು: 'ನನ್ನ ದನಿ ನೀನು ಮಾಡುತ್ತೀಯಂತೆ.'

ನಾನು ವಿನಯದಿಂದ ತಲೆ ಬಾಗಿಸಿದೆ. ವಿನಯ ಯಾರದ್ದೋ ನೆನಪಿಲ್ಲ, ಬಹುಶಃ ಶೃಂಗೇರಿಯ ಲಾಡ್ಜ್ ಮ್ಯಾನೇಜರನದ್ದು.

"ಬೇರೆಯವರ ದನೀಲಿ ಓದಿಸ್ಬಹುದಲ್ಲ ಚೇಟ್ಟ?" ಎಂದೆ.

ಅವರು ಜೋರಾಗಿ ತಲೆ ಅಲ್ಲಾಡಿಸಿದರು. 'ಜನರಿಗೆ ನನ್ನ ದನಿಯೇ ಅಭ್ಯಾಸ' ಎಂದು ಬರೆದು ಎರಡು ಗೆರೆ ಎಳೆದರು. ಒರೆಸಿ, 'ಯಾರಿಗೂ ಹೇಳಬೇಡ' ಎಂದು ಬರೆದು ಮೂರು ಗೆರೆ ಎಳೆದರು.

ಅವರು ಹೋದ ಮೇಲೆ ಭಾಯಿ ನನ್ನ ಮುಖ ನೋಡಿದರು. "ಎಂತ ನಗ್ತಿದ್ದಿ ಮಾರಾಯ?"

"ನಾನಲ್ಲ ಭಾಯಿ, ಕಾರ್ಯದರ್ಶಿ ನಗ್ತಿರೋದು."

"ನಿಂಗೆ ಎಂತಾದ್ರೂ ಆದ್ರೆ ನನ್ನ ಅಂಗಡಿ ಹೆಸ್ರು ಹೇಳ್ಬೇಡ" ಎಂದು ಅವರು ಮೈಕಿನ ಧೂಳು ಒರೆಸಿ ಕೊಟ್ಟರು.

ಮೂರು ದಿನ ಓದಿದೆ. ಪುಸ್ತಕ ನೋಡಿ ಓದಲಿಲ್ಲ. ಅಮ್ಮನ ನೋಟ್‌ಬುಕ್ಕುಗಳನ್ನು ಟ್ರಂಕಿನಿಂದ ತೆಗೆದು ತಂದಿದ್ದೆ, ಅವಳು ಬರೆದ ಹಾಗೆಯೇ ಓದಿದೆ. ಕಾರ್ಯದರ್ಶಿಯ ಗಂಟಲಿನಲ್ಲಿ 'ಅವಳ ಕಾಲು ಸೋತಿತ್ತು, ಕೈ ಸೋತಿರಲಿಲ್ಲ' ಎಂದು ಹೇಳಿ, ಅಳಿಸಿ, ಬೇಕೆಂದೇ ಇನ್ನೊಂದ್ಸಲ ಹೇಳಿದೆ. ಮಾದರಿಗೆಂದು ಮೊದಲ ಪತ್ರವನ್ನು ಮಾತ್ರ ಅವರ ಪುಸ್ತಕದ ಪ್ರಕಾರ ಓದಿ ಫೋನಿಗೆ ಕಳಿಸಿದೆ. ಹೆಬ್ಬೆರಳು ಬಂತು. ತಮ್ಮ ದನಿಯನ್ನು ತಾವೇ ಎಷ್ಟು ಸಲ ಕೇಳಿಕೊಂಡರೋ, ಹತ್ತು ನಿಮಿಷ ಬಿಟ್ಟು ಇನ್ನೂ ನಾಲ್ಕು ಹೆಬ್ಬೆರಳು ಬಂದವು.

ಹನ್ನೆರಡನೆಯ ಪತ್ರ ಮುಗಿದ ಮೇಲೆ ನಾನು ನೀರು ಕುಡಿದು, ಕೋಣೆಯ ಬಾಗಿಲು ಹಾಕಿ, ನನ್ನದೇ ಒಂದು ಭಾಗ ಸೇರಿಸಿದೆ.

ಮಿಷನ್ ಭಾನುವಾರ ಚರ್ಚು ತುಂಬಿತ್ತು. ಹೊರಗೆ ಹರಾಜಿಗೆ ಬಂದ ಬಾಳೆಗೊನೆ, ಕಾಳುಮೆಣಸು, ಕಾಲು ಕಟ್ಟಿದ ಎರಡು ಹುಂಜ. ಒಳಗೆ ಕಾರ್ಯದರ್ಶಿ ಮೊದಲ ಸಾಲಿನಲ್ಲಿ, ತೊಡೆಯ ಮೇಲೆ ಸ್ಲೇಟು. ನಾನು ಪಕ್ಕದಲ್ಲಿ ಮೈಕಿನ ಪೆಟ್ಟಿಗೆಯ ಹತ್ತಿರ. ಅಮ್ಮ ಹೆಂಗಸರ ಕಡೆ, ನಾಲ್ಕನೆಯ ಬೆಂಚಿನಲ್ಲಿ. ಸಮಯ ಸಾಲದೆಂದು ಕೊನೆಯ ಪತ್ರವನ್ನು ಮಾತ್ರ ಕೇಳಿಸುವುದೆಂದು ಫಾದರ್ ಹೇಳಿದರು. ನನಗೆ ಬೇಕಾದದ್ದೂ ಅದೇ.

ಪತ್ರ ಮುಗಿಯಿತು. ಕಾರ್ಯದರ್ಶಿ ಕಣ್ಣು ಮುಚ್ಚಿ ತಮ್ಮ ದನಿಯನ್ನು ಸವಿಯುತ್ತಿದ್ದರು. ಆಗ ಆ ದನಿ ಮುಂದುವರಿಯಿತು.

"ಪ್ರಿಯ ಸಹೋದರ ಸಹೋದರಿಯರೇ. ಅಂದರೆ, ಒಂದು ಮಾತು ಉಳಿದಿದೆ. ಈ ಪತ್ರಗಳನ್ನು ಕನ್ನಡಕ್ಕೆ ತಂದದ್ದು ನಾನಲ್ಲ. ನನಗೆ ಮಲಯಾಳದ ಒಂದಕ್ಷರವೂ ಓದಲು ಬರುವುದಿಲ್ಲ." ಆಮೇಲೆ ಆ ದನಿ ಅಮ್ಮನ ಹೆಸರನ್ನು, ಮನೆಹೆಸರು ಸಮೇತ, ನಿಧಾನವಾಗಿ ಹೇಳಿತು. "ಹನ್ನೆರಡು ವರ್ಷ ಬರೆದವರು ಅವರು. ಅವರ ಹೆಸರಿರಬೇಕಾದಲ್ಲಿ ನನ್ನ ಹೆಸರು ಹಾಕಿಕೊಂಡೆ. ಕೋಟಿನ ಫೋಟೊ ಕೂಡ. ಕ್ಷಮಿಸಿ."

ಕಾರ್ಯದರ್ಶಿ ಕಣ್ಣು ಬಿಟ್ಟರು. ಎದ್ದು ನಿಂತರು. ಬಾಯಿ ತೆರೆದರು, ಡಾಕ್ಟರು ನೆನಪಾಗಿ ಮುಚ್ಚಿದರು. ಎರಡೂ ಕೈ ಎತ್ತಿ ಬೇಡ ಬೇಡ ಎಂಬಂತೆ ಬೀಸಿದರು. ಸ್ಲೇಟಿನ ಮೇಲೆ ಏನೋ ಗೀಚಿದರು, ಬೆವತ ಅಂಗೈ ತಗಲಿ ಅದು ಅಳಿಸಿಹೋಯಿತು. ನಾನು ಈ ಕ್ಷಣಕ್ಕಾಗಿ ಒಂದು ವರ್ಷ ಕಾದಿದ್ದೆ. ನೋಡಲಿ, ಎಲ್ಲರೂ ಚೆನ್ನಾಗಿ ನೋಡಲಿ ಎಂದು ಮೈಕಿನ ಪೆಟ್ಟಿಗೆಗೆ ಒರಗಿ ನಿಂತೆ.

ಆಗ ಮುಂದಿನ ಬೆಂಚಿನ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥ ದೊಡ್ಡ ಮನಸ್ಸು ನೋಡು" ಎಂದಳು.

ಹಿಂದಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು. ನಮ್ಮ ಚರ್ಚಿನಲ್ಲಿ ಮದುವೆಗೂ ಚಪ್ಪಾಳೆ ತಟ್ಟುವುದಿಲ್ಲ. ಫಾದರ್ ಮೈಕ್ ಹಿಡಿದು, ಗಂಟಲಿಗೆ ಕತ್ತರಿ ಬೀಳುವ ಮೊದಲು ಒಬ್ಬ ಮನುಷ್ಯ ತನ್ನ ತಪ್ಪನ್ನು ಒಪ್ಪಿ ರೆಕಾರ್ಡ್ ಮಾಡಿಟ್ಟ ಬಗ್ಗೆ ಐದು ನಿಮಿಷ ಮಾತಾಡಿದರು. ಕಾರ್ಯದರ್ಶಿ ಕೈ ಬೀಸಿದಷ್ಟೂ ಜನ, ಹೊಗಳಿಕೆ ಬೇಡ ಎನ್ನುತ್ತಿದ್ದಾರೆಂದು ಇನ್ನಷ್ಟು ತಟ್ಟಿದರು. ಅದು ನನ್ನ ದನಿಯಲ್ಲ ಎಂದು ಅವರು ಹೇಳುವಂತಿರಲಿಲ್ಲ. ಹೇಳಿದರೆ ಫಾದರ್‌ಗೆ ಹೇಳಿದ ಸುಳ್ಳು, ಬಾಡಿಗೆಗೆ ತಂದ ಗಂಟಲು, ಎಲ್ಲ ಹೊರಗೆ ಬರಬೇಕು. ಕೊನೆಗೆ ಕೈಜೋಡಿಸಿ ಕೂತರು. ಮಹಾತ್ಮರ ಹಾಗೇ ಕೂತರು, ನಾಯಿಮಗ.

ಅಮ್ಮನ ಸುತ್ತ ಹೆಂಗಸರು ಸೇರಿದ್ದರು. ಅವಳು ಯಾರ ಕೈಯನ್ನೂ ಸರಿಯಾಗಿ ಹಿಡಿಯಲಿಲ್ಲ. ಹರಾಜಿಗೂ ನಿಲ್ಲದೆ ಮನೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ನಮ್ಮ ಮಾತು ನಡೆದದ್ದು ಮಲಯಾಳದಲ್ಲಿ, ಬೈಗುಳ ಕನ್ನಡದಲ್ಲಿ. ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ನಿಂದೇ ಅಲ್ವಾ ಕೆಲ್ಸ?"

"ಯಾವ್ದು?"

"ನಾನು ಬರ್ದ ಹಾಗೇ ಓದಿದ್ದು. ಅವನು ಜನ್ಮದಲ್ಲಿ ಹಾಗೆ ಓದ್ತಾನಾ? ನೋಟ್‌ಬುಕ್ಕು ಇರೋದು ನಮ್ಮ ಟ್ರಂಕಲ್ಲಿ."

ನಾನು ದಾರಿಯ ಕಲ್ಲೊಂದನ್ನು ಒದ್ದೆ.

"ಖುಷಿಯಾಯ್ತಾ ನಿಂಗೆ?"

"ನಿನ್ನ ಹೆಸ್ರು ಇಡೀ ಚರ್ಚಿಗೆ ಕೇಳ್ತಲ್ಲ ಅಮ್ಮ."

"ಕೇಳ್ತು." ಅವಳು ನಿಂತಳು. "ನನ್ನ ಹೆಸ್ರು ಹೇಳೋದಕ್ಕೂ ಅವನ ಗಂಟ್ಲೇ ಬೇಕಾಯ್ತಾ? ನಂಗೆ ಬಾಯಿಲ್ವಾ? ಚಪ್ಪಾಳೆ ಅವ್ನಿಗೆ ಹೊಡ್ಸಿದ್ಯಲ್ಲೋ ಮಂಗ."

ಉತ್ತರಕ್ಕೆ ಬಾಯಿ ತೆರೆದೆ, ಮತ್ತೆ ಆ ಕಂಡಕ್ಟರನೇ ಹೊರಬಂದ. ಅವಳು ತಿರುಗಿ ನೋಡದೆ ನಡೆದಳು.

ಅಂಚೆಯಲ್ಲಿ ತಡವಾಗಿದ್ದ ಸಿಸ್ಟರ್‌ರ ಈ ವರ್ಷದ ಪತ್ರ ತಿಂಗಳು ಕಳೆದು ಬಂತು. ಆ ವೇಳೆಗೆ ಕಾರ್ಯದರ್ಶಿಯ ದನಿ ಅರ್ಧ ವಾಪಸು ಬಂದಿತ್ತು, ತುಕ್ಕು ಹಿಡಿದ ಗೇಟಿನ ಹಾಗೆ. ಪತ್ರ ಹಿಡಿದು ಮನೆಗೆ ಬಂದರು. ನನ್ನ ಕಡೆ ಒಂದು ನೋಟ ಬೀರಿದರು. ಕೈಗೆ ಸಿಕ್ಕರೆ ಮುರಿಯುವೆನೆಂದು ಅದರಲ್ಲಿ ಬರೆದಿತ್ತು. ನಾನೂ ಅದೇ ನೋಟವನ್ನು ಅವರ ಹಾಗೆಯೇ ತಿರುಗಿಸಿ ಕೊಟ್ಟೆ.

"ಚೇಚಿ" ಎಂದರು ಅಮ್ಮನಿಗೆ. ಅಕ್ಕ ಎಂದು ಅವರು ಕರೆದದ್ದು ಅದೇ ಮೊದಲು. "ಇದನ್ನು ಕನ್ನಡಕ್ಕೆ ಮಾಡಿ ಕೊಡ್ಬೇಕಲ್ಲ. ಈ ಸಲ ನಿಮ್ಮ ಹೆಸ್ರು ಹೇಳಿಯೇ ಓದ್ತೇನೆ."

"ಬೇಡ" ಎಂದಳು ಅಮ್ಮ. "ಬರ್ಯೋದಿಲ್ಲ. ಮಲಯಾಳ ನೋಡ್ಕೊಂಡೇ ಕನ್ನಡದಲ್ಲಿ ಹೇಳ್ತೇನೆ. ನಾನೇ ನಿಂತು."

"ಮೈಕಲ್ಲಾ?"

"ಮತ್ತೆ? ನಿಮ್ಮ ಗಂಟ್ಲಿಗೂ ರೆಸ್ಟು ಬೇಕಲ್ಲ."

ಅವರಿಗೆ ಬೇರೆ ದಾರಿ ಇರಲಿಲ್ಲ. ತಪ್ಪೊಪ್ಪಿಕೊಂಡ ಮಹಾತ್ಮರು ಊರಿನ ಮುಂದೆ ಇಲ್ಲ ಎನ್ನುವುದು ಹೇಗೆ?

ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಅಮ್ಮ ವೇದಿಕೆ ಹತ್ತಿದಳು. ಮೈಕ್ ಅವಳ ಹಣೆಯ ಮಟ್ಟದಲ್ಲಿತ್ತು. ಅವಳು ಅದನ್ನು ಮುಟ್ಟಲಿಲ್ಲ, ಪತ್ರ ಹಿಡಿದು ಸುಮ್ಮನೆ ಕಾದಳು. ನಾನು ಎದ್ದೆ, ಕೂತ್ಕೋ ಎಂದು ಕಣ್ಣಲ್ಲೇ ಗದರಿಸಿದಳು. ಆಮೇಲೆ ಮೊದಲ ಸಾಲಿನ ಕಡೆ ನೋಡಿದಳು. ಕಾರ್ಯದರ್ಶಿ ಎದ್ದು ಬಂದು, ಎಲ್ಲರೆದುರು ಅವಳ ಮುಂದೆ ಬಗ್ಗಿ, ತಿರುಪು ಸಡಿಲಿಸಿ, ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದರು. ತಿರುಪು ಬಿಗಿಯಾಗಿತ್ತು, ಸುಮಾರು ಹೊತ್ತು ಬಗ್ಗಿಯೇ ಇರಬೇಕಾಯಿತು.

ನನಗೆ ಅಷ್ಟು ಸಾಕಾಗಲಿಲ್ಲ. ಅಮ್ಮನಿಗೆ ಸಾಕಾಯಿತೆಂದು ಕಾಣುತ್ತದೆ. ಅವರು ವಾಪಸು ಹೋಗಿ ಕೂತ ಮೇಲೆ, ಬೆಂಚಿನ ಸದ್ದು ಅಡಗುವವರೆಗೂ ಕಾದು, ಅವಳು ಓದಲು ಶುರುಮಾಡಿದಳು.