ಶರಣಮ್ಮನ ಹೆಸರಿನ ಕವಲು

ಸಂಘದ ಕೋಣೆಯ ಹಳೇ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಲುಂಗಿಯ ತುಂಡನ್ನು ಕಳೆದ ವಾರ ಸರಿಸಿದೆ ನೋಡಿ, ಒಂದರ ಹಿಂದೊಂದು ಏಳು ಸೀನು ಬಂದವು. ಎಣಿಸಿದವನು ನಾನಲ್ಲ, ಬಾಗಿಲಲ್ಲಿ ನಿಂತಿದ್ದ ಹೊಸ ಕಾರ್ಯದರ್ಶಿ ಎಣಿಸಿದಳು. ನಮ್ಮದು ಸಗರದಿಂದ ಆಚೆ, ಕಾಲುವೆಯ ತುದಿಗಿರುವ ಸಣ್ಣ ಊರು. ನೀರು ಬಳಕೆದಾರರ ಸಂಘಕ್ಕೆಂದು ಕಟ್ಟಿದ ಈ ಒಂಟಿ ಕೋಣೆಯಲ್ಲಿ ಸುಗ್ಗಿ ಬಂತೆಂದರೆ ಯಾರಾದರೂ ಒಣಮೆಣಸಿನಕಾಯಿ ಚೀಲ ತಂದು ಒಟ್ಟುತ್ತಾರೆ. ಬೇಡವೆಂದರೆ “ನಿಮ್ಮ ಕಂಪ್ಯೂಟರ್ ಮೆಣಸಿನಕಾಯಿ ತಿಂತೈತೇನ್ರಿ ಮಾಸ್ತರ್ರಿ?” ಎಂದು ನಮ್ಮನ್ನೇ ಕೇಳುತ್ತಾರೆ. ಹದಿನಾಲ್ಕು ವರ್ಷ ನಾನು ಆ ಘಾಟಿನಲ್ಲೇ ಕೂತು ಊರಿನ ನೀರಿನ ಪಾಳಿ ಬರೆದೆ. ಹೈಸ್ಕೂಲಿನ ವಿಜ್ಞಾನ ಮಾಸ್ತರಿಕೆಯಿಂದ ಹೋದ ವರ್ಷ ನಿವೃತ್ತನಾದೆ, ಸಂಘದಿಂದ ಈಗ.

ಹೊಸ ಕಾರ್ಯದರ್ಶಿ ಚುರುಕು ಹುಡುಗಿ. “ಸರ, ಹೆಂಗ ಐತೋ ಹಂಗ ಕೊಡಬ್ಯಾಡ್ರಿ. ಬ್ಯಾಡಾದದ್ದೆಲ್ಲ ಅಳಿಸಿ, ಸಾಫ್ ಮಾಡಿ ಕೊಡ್ರಿ,” ಅಂದಳು. ಸಾಫ್ ಮಾಡಲು ಕೂತೆ. ಕಪ್ಪು ಪರದೆಯ ಮೇಲೆ git branch ಎಂದು ಹೊಡೆದೆ. ಹದಿನಾಲ್ಕು ವರ್ಷದ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು.

ಇದೇನು ಎಂದು ಕೇಳುತ್ತೀರಿ. ಹೇಳುತ್ತೇನೆ, ಅವಸರ ಮಾಡಬೇಡಿ. ಮೊದಲು ನಮ್ಮ ಪಾಳಿಯ ಪಟ್ಟಿ ಒಂದು ಉದ್ದನೆಯ ರಿಜಿಸ್ಟರಿನಲ್ಲಿತ್ತು. ಯಾವ ವಾರ, ಯಾವ ಹೊತ್ತು, ಯಾರ ಹೊಲಕ್ಕೆ ನೀರು ಎಂದು ಅದರಲ್ಲಿ ಬರೆದಿರುತ್ತಿತ್ತು. ಒಬ್ಬರು ಕೆಂಪು ಪೆನ್ನಿನಲ್ಲಿ ತಿದ್ದಿದರೆ ಇನ್ನೊಬ್ಬರು ಅದರ ಮೇಲೆ ನೀಲಿ ಪೆನ್ನಿನಲ್ಲಿ ತಿದ್ದುವರು. ಹೋದ ವರ್ಷ ಏನಿತ್ತು ಎನ್ನುವುದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಯಾದಗಿರಿಯಲ್ಲಿ ನಮಗೆ, ಅಂದರೆ ಶಿಕ್ಷಕರಿಗೆ, ಹತ್ತು ದಿನದ ಕಂಪ್ಯೂಟರ್ ತರಬೇತಿ ಆಯಿತು. ಕಲಿಸಲು ಬಂದವರು ಗುರುಮಠಕಲ್ಲಿನವರು, ಅರ್ಧ ಕನ್ನಡ, ಅರ್ಧ ತೆಲುಗು. ಅವರು ಗಿಟ್ ಎಂಬುದನ್ನು ತೋರಿಸಿದರು. ಬರೆದದ್ದರ ಪ್ರತಿಯೊಂದು ತಿದ್ದುಪಡಿಯನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಅಷ್ಟೇ ಅಲ್ಲ, ಮೂಲ ಪಟ್ಟಿಗೆ ಕೈ ಹಚ್ಚದೆ, ಅದರಿಂದ ಒಂದು ಕವಲು ಒಡೆದು, ಅಲ್ಲಿ ಏನು ಬೇಕಾದರೂ ಬದಲಿಸಿ ನೋಡಬಹುದು. ಸರಿ ಅನ್ನಿಸಿದರೆ ಮೂಲಕ್ಕೆ ಕೂಡಿಸುವುದು, ಇಲ್ಲವಾದರೆ ಬಿಡುವುದು. ನನಗೆ ಹುಚ್ಚು ಹಿಡಿದುಹೋಯಿತು. ಶಾಲೆಯವರು ಮೂಲೆಗೆ ಹಾಕಿದ್ದ ಯಂತ್ರವನ್ನು ಸಂಘಕ್ಕೆ ತಂದೆ. ಅದರಲ್ಲಿ ಚಿತ್ರ, ಬಣ್ಣ, ಗುಂಡಿ ಒತ್ತುವ ಸೌಕರ್ಯ ಯಾವುದೂ ನಡೆಯುತ್ತಿರಲಿಲ್ಲ. ಎಲ್ಲವನ್ನೂ ಆಜ್ಞೆ ಟೈಪಿಸಿಯೇ ಮಾಡಬೇಕು. ಜಿಲ್ಲೆಯಲ್ಲಿ ನೀರಿನ ಪಾಳಿಯನ್ನು ಗಿಟ್‌ನಲ್ಲಿ ಇಟ್ಟ ಮನುಷ್ಯ ನಾನೊಬ್ಬನೇ ಇದ್ದೇನು. ನಗಬೇಡಿ, ನನಗೆ ಆಗ ಬಹಳ ಹೆಮ್ಮೆಯಿತ್ತು.

ಗುರುಮಠಕಲ್ಲಿನವರು ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. “ಮೊದ್ಲು ನೀವು ಎಲ್ಲಿ ನಿಂತೀರಿ ನೋಡ್ಕೋರಿ. ಆಮ್ಯಾಲ ಕೈ ಹಚ್ಚ್ರಿ.” ನೀವು ಯಾವ ಕವಲಿನಲ್ಲಿದ್ದೀರೋ ಅದರ ಹೆಸರಿನ ಎಡಕ್ಕೆ ಗಿಟ್ ಒಂದು ನಕ್ಷತ್ರದ ಚುಕ್ಕಿ ಇಡುತ್ತದೆ. ಅದನ್ನು ನೋಡಿಕೊಳ್ಳದೆ ಕೆಲಸ ಮಾಡಿದರೆ ಒಂದು ಕಡೆ ಬರೆಯಬೇಕಾದ್ದನ್ನು ಇನ್ನೊಂದು ಕಡೆ ಬರೆದು ಕೂರುತ್ತೀರಿ. ನಾನು ಈ ಪಾಠವನ್ನು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಿದ್ದೆ.

ಹಳೇ ಕವಲುಗಳನ್ನು ಒಂದೊಂದಾಗಿ ಅಳಿಸುತ್ತ ಬಂದೆ. git branch -d ಎಂದು ಬರೆದು ಹೆಸರು ಬರೆದರೆ ಆಯಿತು, ಅವೆಲ್ಲ ಎಂದೋ ಮೂಲಕ್ಕೆ ಕೂಡಿದ್ದವು, ತಕರಾರಿಲ್ಲದೆ ಹೋದವು. ಕೊನೆಗೊಂದು ಉಳಿಯಿತು. sharanamma. ಅದಕ್ಕೂ ಹಾಗೇ ಹೊಡೆದೆ. ಗಿಟ್ ಒಪ್ಪಲಿಲ್ಲ. ಈ ಕವಲು ಮೂಲಕ್ಕೆ ಪೂರ್ತಿ ಕೂಡಿಲ್ಲ, ಖಾತ್ರಿಯಿದ್ದರೆ ಸಣ್ಣ d ಬಿಟ್ಟು ದೊಡ್ಡ D ಹೊಡೆ ಎಂದಿತು. ದೊಡ್ಡ D ಎಂದರೆ ಕೇಳುವುದು ಹೇಳುವುದು ಇಲ್ಲ, ಕಿತ್ತು ಎಸೆದಂತೆ. ಬೆರಳು ಅಲ್ಲೇ ನಿಂತಿತು. ಹುಡುಗಿ “ಹೊಡೀರಿ ಸರ,” ಅಂದಳು. “ತಡಿಯವ್ವಾ,” ಅಂದೆ.

ಶರಣಮ್ಮಕ್ಕನದು ನಮ್ಮ ಹೊಲದಿಂದ ಕೆಳಗೆ, ಕಾಲುವೆ ಮುಗಿಯುವಲ್ಲಿ ಎರಡು ಎಕರೆ. ಮೆಣಸಿನಕಾಯಿ ಹಾಕುತ್ತಾಳೆ. ಗಂಡ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ರಾತ್ರಿ ಕಾವಲುಗಾರ. ಸಾಕ್ಷರತೆಯ ತರಗತಿ ನಡೆಯುತ್ತಿದ್ದಾಗ ನನ್ನ ಹತ್ತಿರವೇ ಅಕ್ಷರ ಕಲಿತವಳು. ಹನ್ನೆರಡು ಜನ ಶುರು ಮಾಡಿ ಕೊನೆಗೆ ಉಳಿದವಳು ಅವಳೊಬ್ಬಳೇ. ಮೊದಲ ಸಲ ತನ್ನ ಹೆಸರನ್ನು ತಾನೇ ಬರೆದ ದಿನ ಪಾಟಿಯನ್ನು ಒರೆಸಲು ಕೊಡದೆ ಮನೆಗೆ ಒಯ್ದಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಂಘದ ಕೋಣೆಗೆ ಬಂದು ಹೊಸ್ತಿಲ ಹೊರಗೆ ಕೂತಳು. “ಮಾಸ್ತರ್ರಿ, ನನ್ನ ಪಾಳಿ ಹಗಲಿಗಿ ಹಾಕ್ರಿ. ಬೇಸ್ತವಾರ ರಾತ್ರಿ ಬಂದೈತಿ. ನಮ್ಮ ಮನಿಯವ್ರು ಮಿಲ್ಲಿಗಿ ಹೋಗಿರ್ತಾರ. ನಾ ಒಬ್ಬಾಕಿ ಕತ್ತಲದಾಗ ನಿಂತು ನೀರ ಬಿಡಬೇಕು. ಹಾವು ಅದಾವ, ಹುಳ ಅದಾವ. ಹಾವಿಗಿಂತ ಕುಡದು ಬರೋ ಮಂದೀದು ಹೆಚ್ಚು ಅಂಜಿಕಿ ನಂಗ.” ನ್ಯಾಯವಾದ ಮಾತು. ಅವಳದು ಮೂರು ತಾಸಿನ ಪಾಳಿ. ಹಗಲಿನಲ್ಲಿ ಅಷ್ಟೇ ತಾಸಿನ, ಅದಲು ಬದಲು ಮಾಡಲು ಬರುವಂಥ ಪಾಳಿ ಹುಡುಕಿದೆ. ಇದ್ದದ್ದು ಒಂದೇ, ಮಂಗಳವಾರ ಮುಂಜಾನೆ. ಅದು ನಮ್ಮಪ್ಪನದು.

ಆದರೂ ಕವಲು ಒಡೆದೆ. ಅವಳದೇ ಹೆಸರಿಟ್ಟೆ. ಮಂಗಳವಾರದ ಸಾಲಿನಲ್ಲಿ ಅಪ್ಪನ ಹೆಸರು ತೆಗೆದು ಅವಳದು, ಬೇಸ್ತವಾರದ ರಾತ್ರಿಯಲ್ಲಿ ಅವಳದು ತೆಗೆದು ಅಪ್ಪನದು ಬರೆದೆ. ನಂತರ, ಹಾಳಾದ ಹೆಮ್ಮೆ ನೋಡಿ, “ಇಲ್ಲಿ ಬಾ ಅಕ್ಕಾ, ಓದು,” ಎಂದು ಅವಳನ್ನು ಪರದೆಯ ಮುಂದೆ ನಿಲ್ಲಿಸಿದೆ. ಅವಳು ಬೆರಳಿಟ್ಟು ಓದಿದಳು. “ಮಂ, ಗ, ಳ, ವಾ, ರ. ಮುಂ, ಜಾ, ನೆ. ಶ, ರ, ಣ, ಮ್ಮ.” ಓದಿ ನಕ್ಕಳು. “ಕಂಪ್ಯೂಟರಿನ್ಯಾಗ ಬಂತಂದ್ರ ಆತು ಬಿಡ್ರಿ!” ಅಂದಳು. ಇದು ಬರೀ ಕವಲು, ಮೂಲ ಪಟ್ಟಿಯಲ್ಲ, ಊರ ನಡುವಿನ ಕಟ್ಟೆಯ ಮೇಲೆ ಓದಿ ಊರು ಒಪ್ಪಿದರೆ ಮಾತ್ರ ಇದು ಖರೆ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ನೋಡೂಣು,” ಅಂದೆ. ಅವಳ ಮುಖದ ಮೇಲಿನ ಖುಷಿ ಕೆಡಿಸಲು ಮನಸ್ಸಾಗಲಿಲ್ಲ. ಆ ಖುಷಿಗೆ ಕಾರಣ ನಾನು ಎಂಬುದೂ ಚೆಂದ ಕಾಣುತ್ತಿತ್ತು.

ಆವತ್ತೇ ಸಂಜೆ ಅಪ್ಪನ ಕಿವಿಗೆ ಹಾಕಿದೆ. ಅಪ್ಪ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. “ನಾ ಸತ್ತ ಮ್ಯಾಲ ಬೇಕಾದ್ದ ಮಾಡು,” ಅಂದರು. ಅಷ್ಟೇ. ನನಗೆ ಆಗ ಐವತ್ತು ವರ್ಷ, ನೂರಾರು ಮಕ್ಕಳಿಗೆ ಪಾಠ ಹೇಳುವವನು, ಅಪ್ಪನ ಮುಂದೆ ಇನ್ನೊಂದು ಮಾತು ಬಾಯಿಗೆ ಬರಲಿಲ್ಲ. ಮಾರನೆಯ ದಿನ ಕವಲು ಬಿಟ್ಟು ಮೂಲಕ್ಕೆ ಬಂದು, ಮೂಲ ಪಟ್ಟಿಯನ್ನೇ ಅಚ್ಚು ಹಾಕಿಸಿ ಕಟ್ಟೆಯ ಮೇಲೆ ಓದಿದೆ. ಶರಣಮ್ಮಕ್ಕ ಕಟ್ಟೆಯ ಹತ್ತಿರ ಇರಲಿಲ್ಲ. ತಂಗಿಯ ಬಾಣಂತನಕ್ಕೆಂದು ಸುರಪುರಕ್ಕೆ ಹೋಗಿದ್ದಳು. ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅವಳು ಸೋಮವಾರ ಸಂಜೆ ಬಂದಳಂತೆ. ನಾನು ಹೇಳಲು ಹೋಗಲಿಲ್ಲ.

ಮಂಗಳವಾರ ಮುಂಜಾನೆ ಅವಳು ಕಾಲುವೆಯಿಂದ ನಮ್ಮ ಹೊಲಕ್ಕೆ ನೀರು ಬಿಡುವ ಮಡೆ ಮುಚ್ಚಿ, ತನ್ನ ಹೊಲದ ಮಡೆ ತೆರೆದು ನೀರು ತಿರುವಿಕೊಂಡಳು. ಅಪ್ಪ ಹೋಗಿ ನೋಡಿದರೆ ನಮ್ಮ ಹೊಲದ ಕಾಲುವೆ ಒಣ ಒಣ. ಆಗ ಅವರ ಬಾಯಿ ಕೇಳಬೇಕಿತ್ತು. ನೀರಗಳ್ಳಿ ಎಂದರು, ಇನ್ನೂ ಏನೇನೋ ಎಂದರು. ಬಿತ್ತಲು ಹೊರಟ ಊರೇ ಅಲ್ಲಿ ಕೂಡಿತು. ಶರಣಮ್ಮಕ್ಕ ಸಲಿಕೆ ಹಿಡಿದು ನಿಂತು, “ನಾ ಕದ್ದಿಲ್ರಿ! ಕಂಪ್ಯೂಟರಿನ್ಯಾಗ ನನ್ನ ಹೆಸರೈತಿ, ಮಾಸ್ತರು ತೋರ್ಸ್ಯಾರ, ನಾನಽ ಓದೀನಿ,” ಅಂದಳಂತೆ. ಎಲ್ಲರೂ ಅವಳನ್ನು ಕರೆದುಕೊಂಡು ಸಂಘದ ಕೋಣೆಗೆ ಬಂದರು. ಅಪ್ಪ ಮುಂದೆ, ಅವಳು ಹಿಂದೆ, ಮೊಣಕಾಲ ತನಕ ಕೆಸರು.

“ಏನ್ರಿ ಮಾಸ್ತರ್ರಿ, ಈಕಿ ಹೆಸರ ಐತೇನು ಮಂಗಳವಾರದಾಗ?” ಎಂದು ಯಾರೋ ಕೇಳಿದರು. ನಾನು ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿದೆ. “ಪಟ್ಟಿಯೊಳಗ ಇಲ್ರಿ,” ಅಂದೆ. ಸುಳ್ಳಲ್ಲ. ಪಟ್ಟಿಯೊಳಗೆ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ಜನ್ಮದಲ್ಲಿ ಹೇಳಿಲ್ಲ.

ಶರಣಮ್ಮಕ್ಕ ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಜನರ ಕಡೆ ತಿರುಗಿ, “ನಂಗ ಓದಾಕ ಬರಂಗಿಲ್ರಿ. ಏನೋ ತಪ್ಪ ಓದೀನಿ,” ಅಂದಳು. ಜನ ನಕ್ಕರು. ಗದ್ದಲ ಮುಗಿಯಿತು. ನನ್ನ ಮರ್ಯಾದೆ ಉಳಿಯಿತು.

ಅವಳದು ಉಳಿಯಲಿಲ್ಲ. ಅಂದಿನಿಂದ ಊರಲ್ಲಿ ಅವಳಿಗೆ ಮಂಗಳವಾರದ ಶರಣಮ್ಮ ಎಂದೇ ಹೆಸರಾಯಿತು. ಬಾವಿಯ ಹತ್ತಿರ, ಬಸ್ಸಿನಲ್ಲಿ, “ಇವತ್ತ ಯಾವ ವಾರ, ಓದಿ ಹೇಳಬೇ” ಎಂದು ಚೇಷ್ಟೆ. ಅದೂ ಹೋಗಲಿ. ಓದಲು ಬರುವುದಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದ ಮೇಲೆ ಆ ಮಾತಿಗೆ ತಕ್ಕಂತೆ ಇರಬೇಕಲ್ಲ. ಸಂಘದ ರಿಜಿಸ್ಟರಿನಲ್ಲಿ ಮೊದಲು ಅವಳದು ಗುಂಡಗಿನ ಸಹಿ ಇರುತ್ತಿತ್ತು. ಆ ವರ್ಷದಿಂದ ಹೆಬ್ಬೆಟ್ಟು. ನಾನೇ ಶಾಯಿಯ ಪ್ಯಾಡು ಮುಂದೆ ಸರಿಸುತ್ತಿದ್ದೆ, ಅವಳು ಸುಮ್ಮನೆ ಬೆರಳು ಒತ್ತಿ ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದಳು. ದಾರಿಯಲ್ಲಿ ಸಿಕ್ಕರೆ “ಆರಾಮ್ರಿ ಮಾಸ್ತರ್ರಿ?” ಎನ್ನುವುದನ್ನು ಮಾತ್ರ ಬಿಡಲಿಲ್ಲ. ಪಾಳಿಯ ಸುದ್ದಿ ಮತ್ತೆ ಎತ್ತಲಿಲ್ಲ.

ಅಪ್ಪ ತೀರಿ ನಾಲ್ಕು ವರ್ಷವಾಯಿತು. ಮಂಗಳವಾರದ ಸಾಲಿನಲ್ಲಿ ಅವರ ಹೆಸರು ತೆಗೆದು ನನ್ನ ಹೆಸರು ಬರೆದೆ. ಆ ದಿನ ಕವಲಿನ ನೆನಪೇ ಬರಲಿಲ್ಲ ಎಂದು ನಾನು ಹೇಳಿದರೆ ನೀವು ನಂಬಬೇಡಿ. ನೆನಪು ಬಂದಿತ್ತು. ಮುಂಜಾನೆ ಚಹಾ ಕುಡಿದು ಹೋಗಿ ನೀರು ಬಿಟ್ಟು ಬರುವ ಸುಖ ನನಗೂ ಹಿಡಿದಿತ್ತು.

ಈಗ ಆ ಕವಲು ಎದುರಿಗೆ ನಿಂತು, ನಾನು ಇನ್ನೂ ಕೂಡಿಲ್ಲ ಎನ್ನುತ್ತಿದೆ. ನನಗೆ ನಾಚಿಕೆಯಾಯಿತು. ಮೊದಲು ಎಲ್ಲಿ ನಿಂತಿದ್ದೇನೆ ನೋಡಿಕೊಂಡೆ. ಚುಕ್ಕಿ ಮೂಲದ ಎಡಕ್ಕೇ ಇತ್ತು. git merge sharanamma ಎಂದು ಹೊಡೆದೆ. ಗಿಟ್ ಅರ್ಧಕ್ಕೆ ನಿಂತಿತು. ಮಂಗಳವಾರದ ಸಾಲನ್ನು ಎರಡೂ ಕಡೆ ಬೇರೆ ಬೇರೆ ತಿದ್ದಲಾಗಿದೆ, ಯಾವುದು ಇರಬೇಕು ನೀನೇ ಹೇಳು ಎಂದಿತು. ಪಟ್ಟಿ ತೆರೆದರೆ ಮೇಲೆ ನನ್ನ ಹೆಸರು, ನಡುವೆ ಗೆರೆ, ಕೆಳಗೆ ಶರಣಮ್ಮನ ಹೆಸರು. ನನ್ನ ಹೆಸರಿನ ಸಾಲನ್ನು ಅಳಿಸಿದೆ. ಬೇಸ್ತವಾರದ ರಾತ್ರಿಯ ಸಾಲು ಮಾತ್ರ ತಾನಾಗಿಯೇ ಕೂಡಿಕೊಂಡಿತ್ತು. ಅಲ್ಲಿ ಅಪ್ಪನ ಹೆಸರು ಬಂದು ಕೂತಿತ್ತು! ಸತ್ತು ನಾಲ್ಕು ವರ್ಷವಾದ ಮೇಲೆ ಅಪ್ಪನಿಗೆ ರಾತ್ರಿ ಪಾಳಿ. ನಗು ಬಂತು, ಕಣ್ಣೂ ತುಂಬಿತು. ಆ ಹೆಸರು ತೆಗೆದು ನನ್ನದು ಬರೆದು ಕೆಲಸ ಮುಗಿಸಿದೆ. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. “ರಾತ್ರಿ ಪಾಳಿ ನೀವಽ ತಗೊಂಡ್ರೇನ್ರಿ ಸರ?” ಅಂದಳು. ಹೌದು ಅಂದೆ.

ನಿನ್ನೆ ಸಂಜೆ ಕಟ್ಟೆಯ ಹತ್ತಿರ ಊರು ಸೇರಿತ್ತು. ಪಟ್ಟಿ ಓದುವುದು ನನ್ನ ಕೆಲಸ, ಕೊನೆಯ ಸಲ. ನಾನು ಓದಲಿಲ್ಲ. ಎದ್ದು ನಿಂತು, “ಹನ್ನೊಂದ ವರ್ಷದ ಹಿಂದ ಶರಣಮ್ಮಕ್ಕ ತಪ್ಪ ಓದಿರ್ಲಿಲ್ರಿ. ಮಂಗಳವಾರ ಅಂತ ಬರದು ತೋರ್ಸಿದಾಂವ ನಾನು. ಓದಿಸಿದಾಂವನೂ ನಾನು. ಅಪ್ಪಗ ಅಂಜಿ ನಿಮ್ಮ ಮುಂದ ಬಾಯಿ ಮುಚ್ಚಿಕೊಂಡೆ. ಕಳ್ಳ ನಾನು, ಆಕಿ ಅಲ್ಲ,” ಅಂದೆ. ಹೆಂಗಸರ ಗುಂಪಿನ ಕಡೆ ಹೋಗಿ ಪಾಳಿಯ ಹಾಳೆಯನ್ನು ಶರಣಮ್ಮಕ್ಕನ ಮುಂದೆ ಹಿಡಿದೆ.

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದವಳೊಬ್ಬಳು, “ಕೊಡ್ರಿ, ನಾ ಓದಿ ಹೇಳ್ತೀನಿ ಆಕಿಗಿ,” ಎಂದು ಕೈ ಚಾಚಿದಳು.

“ಬಿಡ,” ಅಂದಳು ಶರಣಮ್ಮಕ್ಕ. “ನಂಗ ಓದಾಕ ಬರ್ತೈತಿ.”

ಸೋಮವಾರದಿಂದ ಶುರು ಮಾಡಿದಳು. ಹನ್ನೊಂದು ವರ್ಷ ಯಾರಿಗೂ ಕೇಳದಂತೆ ಓದಿಕೊಂಡೇ ಇದ್ದಳೋ ಏನೋ, ಈಗ ಅಕ್ಷರ ಬಿಡಿಸುವುದು ಬೇಕಾಗಲಿಲ್ಲ, ಸರಾಗ ಬರುತ್ತಿತ್ತು. ಮಂಗಳವಾರದ ಮುಂಜಾನೆಗೆ ಬಂದಾಗ ಮಾತ್ರ ಒಂದು ಕ್ಷಣ ನಿಂತು, ಬೆರಳಿಟ್ಟು ನೋಡಿ, ತನ್ನ ಹೆಸರನ್ನು ಓದಿದಳು. ಬೇಸ್ತವಾರದ ರಾತ್ರಿಯಲ್ಲಿ ನನ್ನ ಹೆಸರು ಓದಿದಳು. ಒಪ್ಪಿಗೆಗೆಂದು ರಿಜಿಸ್ಟರು ಸುತ್ತು ಬಂದಾಗ ಹೊಸ ಕಾರ್ಯದರ್ಶಿ, ಪಾಪ ಗೊತ್ತಿಲ್ಲದೆ, ಶಾಯಿಯ ಪ್ಯಾಡು ಮುಂದಿಟ್ಟಳು. ಶರಣಮ್ಮಕ್ಕ ಅದನ್ನು ಆಚೆ ಸರಿಸಿ ಪೆನ್ನು ಕೇಳಿದಳು.

ಹೊರಡುವಾಗ ನನ್ನ ಹತ್ತಿರ ಬಂದು ನಿಂತಳು. ಕ್ಷಮಿಸಿದೆ ಎನ್ನುತ್ತಾಳೇನೋ ಎಂದು ಕಾದೆ. ಹಾಗೇನೂ ಅನ್ನಲಿಲ್ಲ. “ಮಾಸ್ತರ್ರಿ, ಬ್ಯಾಟ್ರಿ ಐತೇನ್ರಿ ಮನ್ಯಾಗ? ನಿಮ್ಮ ಹೊಲದ ಮಡಿ ಹಂತ್ಯಾಕ ಹುತ್ತ ಐತಿ, ಎಡಕಿಗಿ. ಹನ್ನೊಂದ ವರ್ಷ ಕತ್ತಲದಾಗ ದಾಟೀನಿ, ನಂಗ ಗೊತ್ತೈತಿ. ನೀವು ನೋಡಿ ಕಾಲಿಡ್ರಿ,” ಅಂದಳು.

ಇವತ್ತು ಮುಂಜಾನೆ ಕೋಣೆಗೆ ಹೋಗಿ, ಸೀನುತ್ತಲೇ, ಆ ಕವಲನ್ನು ಸಣ್ಣ d ಹೊಡೆದು ಅಳಿಸಿದೆ. ಈ ಸಲ ಗಿಟ್ ಏನೂ ಕೇಳಲಿಲ್ಲ. ಬೀಗದ ಕೈಯನ್ನು ಹುಡುಗಿಗೆ ಕೊಟ್ಟು, ಬ್ಯಾಟ್ರಿಗೆ ಸೆಲ್ಲು ತರಲು ಅಂಗಡಿಯ ಕಡೆ ನಡೆದೆ. ಇವತ್ತೇ ಬೇಸ್ತವಾರ.